ಎಣ್ಣೆ ಸ್ನಾನಕ್ಕೆ ಯಾವ ಎಣ್ಣೆ? ಕೊಬ್ಬರಿ, ಎಳ್ಳು, ಹರಳು ಮತ್ತು ಉಳಿದವು

ನನ್ನ ತವರು ತಿಪಟೂರಿನ ಕಡೆ. ಅಲ್ಲಿ ಎಣ್ಣೆ ಅಂದರೆ ಕೊಬ್ಬರಿ ಎಣ್ಣೆ, ಬೇರೆ ಮಾತೇ ಇಲ್ಲ. ಮದುವೆಯಾಗಿ ಬಂದದ್ದು ಧಾರವಾಡದ ಕಡೆಗೆ. ಮೊದಲ ದೀಪಾವಳಿಯ ನರಕ ಚತುರ್ದಶಿಯಂದು ನಸುಕಿನಲ್ಲೇ ಎದ್ದು ನನ್ನ ಚೀಲದಿಂದ ಕೊಬ್ಬರಿ ಎಣ್ಣೆ ಬಾಟಲಿ ತೆಗೆದೆ. ಚಳಿಗೆ ಅದು ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಅತ್ತೆ ಒಂದು ಬಟ್ಟಲಲ್ಲಿ ಬೆಚ್ಚಗಿನ ಎಳ್ಳೆಣ್ಣೆ ತಂದು ಎದುರಿಗಿಟ್ಟರು. "ಥಂಡ್ಯಾಗ ಕೊಬ್ರಿ ಎಣ್ಣಿ ಕಲ್ಲ ಆಗಿರ್ತದ, ಇದನ್ನ ಹಚ್ಚಕೋವಾ" ಅಂದರು. ಅವತ್ತು ನನಗೆ ಸ್ವಲ್ಪ ಮುನಿಸೇ ಬಂತು. ಈಗ ಹದಿನೆಂಟು ವರ್ಷವಾಯಿತು. ಎರಡೂ ಬಾಟಲಿ ನಮ್ಮ ಮನೆಯಲ್ಲಿ ಅಕ್ಕಪಕ್ಕ ನಿಂತಿವೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ ಅನ್ನೋದು ಬಳಸಿ ಬಳಸಿ ಗೊತ್ತಾಗಿದೆ.

"ಯಾವ ಎಣ್ಣೆ ಒಳ್ಳೆಯದು?" ಅಂತ ತುಂಬಾ ಜನ ಕೇಳುತ್ತಾರೆ. ಹಾಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ತಲೆಗೋ ಮೈಗೋ, ಬೇಸಿಗೆಗೋ ಚಳಿಗೋ, ಹಚ್ಚಿದ್ದನ್ನು ಯಾವುದರಿಂದ ತೊಳೆಯುತ್ತೀರಿ, ಇಷ್ಟು ಹೇಳಿದರೆ ಎಣ್ಣೆ ತಾನಾಗಿ ಆರಿಸಿಕೊಳ್ಳುತ್ತದೆ.

ಕೊಬ್ಬರಿ ಎಣ್ಣೆ: ತಲೆಗೆ ಮೊದಲ ಆಯ್ಕೆ

ಕೂದಲಿಗೆ ಒಂದೇ ಎಣ್ಣೆ ಇಟ್ಟುಕೊಳ್ಳುವುದಾದರೆ ಕೊಬ್ಬರಿ ಎಣ್ಣೆ ಇಟ್ಟುಕೊಳ್ಳಿ. ತವರಿನ ಮೋಹದಿಂದ ಹೇಳುತ್ತಿಲ್ಲ. ಈ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಲಾರಿಕ್ ಆಸಿಡ್ ಅನ್ನುವ ಕೊಬ್ಬಿನಾಮ್ಲ. ಅದರ ಅಣು ಚಿಕ್ಕದು, ನೇರವಾದದ್ದು. ಹಾಗಾಗಿ ಕೂದಲಿನ ಮೇಲೆ ಕೂರುವುದಷ್ಟೇ ಅಲ್ಲ, ಎಳೆಯ ಒಳಗೂ ಇಳಿಯುತ್ತದೆ. 2003ರಲ್ಲಿ ಮುಂಬೈನ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಪೆಟ್ರೋಲಿಯಂನಿಂದ ತೆಗೆಯುವ ಮಿನರಲ್ ಆಯಿಲ್ ಮೂರನ್ನೂ ಕೂದಲಿಗೆ ಹಚ್ಚಿ ಹೋಲಿಸಿ ನೋಡಿದ ವರದಿ ಪ್ರಕಟವಾಯಿತು. ಕೂದಲಿನ ಪ್ರೋಟೀನ್ ನಷ್ಟವನ್ನು ಚೆನ್ನಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಆ ಸಂಶೋಧಕರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ ಅನ್ನೋದೂ ನಿಮಗೆ ಗೊತ್ತಿರಲಿ.

ಅಂದಮಾತ್ರಕ್ಕೆ ಉದುರಿದ ಕೂದಲು ಮತ್ತೆ ಹುಟ್ಟುತ್ತದೆ ಅಂತಲ್ಲ. ಬಾಚುವಾಗ, ತೊಳೆಯುವಾಗ ತುಂಡಾಗುವುದು ಕಡಿಮೆಯಾಗುತ್ತದೆ, ಅಷ್ಟೇ. ಅಷ್ಟಾದರೂ ದೊಡ್ಡದೇ. ಜಡೆ ತುದಿಯವರೆಗೂ ದಪ್ಪ ಉಳಿಯುವುದು ಅದರಿಂದಲೇ.

ಮೈಗೆ ಬೇಸಿಗೆಯಲ್ಲಿ ಇದು ಹಿತ. ಬೇಗ ಹರಡುತ್ತದೆ, ಅಂಟುವುದಿಲ್ಲ. ಮುಖಕ್ಕೆ ಮಾತ್ರ ಯೋಚಿಸಿ. ನನ್ನ ಮಗಳು ಹದಿನಾಲ್ಕಕ್ಕೆ ಬಂದಾಗ ರಾತ್ರಿ ಮುಖಕ್ಕೆ ಕೊಬ್ಬರಿ ಎಣ್ಣೆ ಸವರಿಕೊಂಡು ಮಲಗುತ್ತಿದ್ದಳು. ಎರಡೇ ವಾರದಲ್ಲಿ ಹಣೆ ತುಂಬಾ ಸಣ್ಣ ಗುಳ್ಳೆ. ಎಣ್ಣೆ ನಿಲ್ಲಿಸಿದ ಮೇಲೆ ತಾನಾಗಿ ಇಳಿಯಿತು. ಮೊಡವೆ ಬರುವ ಚರ್ಮಕ್ಕೆ ಈ ಎಣ್ಣೆ ರಂಧ್ರ ಮುಚ್ಚುತ್ತದೆ. ಒಣ ಚರ್ಮದವರಿಗೆ ಏನೂ ಆಗದೆಯೂ ಇರಬಹುದು.

ಗಟ್ಟಿಯಾಯಿತು ಅಂತ ಗಾಬರಿ ಬೇಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೆಪ್ಪುಗಟ್ಟುವುದು ಅದರ ಗುಣ. ಡಿಸೆಂಬರ್ ಬೆಳಗ್ಗೆಯೂ ನೀರಿನಂತೆ ಆಡುತ್ತಿದ್ದರೆ ಅದರಲ್ಲಿ ಬೇರೇನೋ ಸೇರಿದೆ ಅಂತ ಅನುಮಾನ ಪಡಬೇಕು. ಕರಗಿಸಲು ಬಾಟಲಿಯನ್ನು ಒಲೆ ಮೇಲೆ ಇಡಬೇಡಿ. ಬಿಸಿನೀರಿನ ಚೊಂಬಿನಲ್ಲಿ ಐದು ನಿಮಿಷ ನಿಲ್ಲಿಸಿ, ಸಾಕು.

ಎಳ್ಳೆಣ್ಣೆ: ಮೈಗೆ, ಅದರಲ್ಲೂ ಚಳಿಗಾಲಕ್ಕೆ

ಎಣ್ಣೆ ಅನ್ನುವ ನಮ್ಮ ಮಾತೇ ಎಳ್ಳಿನಿಂದ ಬಂದದ್ದು. ಎಳ್ + ನೆಯ್, ಅಂದರೆ ಎಳ್ಳಿನ ನೆಯ್. ಸಂಸ್ಕೃತದ ತೈಲವೂ ಹಾಗೇ, ತಿಲದಿಂದ ಬಂದದ್ದು. ಬೇರೆ ಎಣ್ಣೆಗಳೆಲ್ಲ ಆಮೇಲೆ ಈ ಹೆಸರನ್ನು ಹಂಚಿಕೊಂಡವು. ಆಯುರ್ವೇದದಲ್ಲಿ ಅಭ್ಯಂಜನಕ್ಕೆ ಸುಮ್ಮನೆ ತೈಲ ಅಂದರೆ ಎಳ್ಳೆಣ್ಣೆ ಅಂತಲೇ ಅರ್ಥ.

ಚಳಿಯಲ್ಲಿ ಇದು ಗೆಲ್ಲುವುದಕ್ಕೆ ಸರಳ ಕಾರಣ ಇದೆ. ಗಟ್ಟಿಯಾಗುವುದಿಲ್ಲ. ತಿಕ್ಕುವಾಗ ಕೈ ಕೆಳಗೆ ತುಂಬಾ ಹೊತ್ತು ಜಾರುತ್ತಾ ಇರುತ್ತದೆ, ಕೊಬ್ಬರಿ ಎಣ್ಣೆಯಂತೆ ಬೇಗ ಒಣಗಿದ ಹಾಗೆ ಆಗುವುದಿಲ್ಲ. ಮಂಡಿ, ಬೆನ್ನು, ಕಾಲು ತಿಕ್ಕಲು ಇದೇ ಸರಿ. ಇದರಲ್ಲಿ ಒಲೀಕ್ ಮತ್ತು ಲಿನೋಲೀಕ್ ಆಸಿಡ್ ಹತ್ತಿರ ಹತ್ತಿರ ಸಮ, ಒಂದೊಂದೂ ನೂರಕ್ಕೆ 40ರ ಆಸುಪಾಸು. ಜೊತೆಗೆ ಸೆಸಮಾಲ್, ಸೆಸಮಾಲಿನ್ ಅನ್ನುವ ಅಂಶಗಳಿವೆ. ಎಳ್ಳೆಣ್ಣೆ ಬೇಗ ಕಮಟು ಹಿಡಿಯದೆ ಇರುವುದು ಅವುಗಳ ದೆಸೆಯಿಂದ.

ಅನಾನುಕೂಲವೂ ಇವೆ. ಬಟ್ಟೆಗೆ ಹತ್ತಿದರೆ ಕಲೆ ಹೋಗುವುದು ಕಷ್ಟ. ವಾಸನೆ ಕೆಲವರಿಗೆ ಹಿಡಿಸುವುದಿಲ್ಲ. ಬೇಸಿಗೆಯಲ್ಲಿ ತಲೆಗೆ ಹಾಕಿದರೆ ಉಷ್ಣ ಅನ್ನುವ ಮಾತು ನಮ್ಮ ಕಡೆ ಇದೆ. ನಮ್ಮ ಮನೆಯಲ್ಲಿ ಯುಗಾದಿ ಕಳೆದ ಮೇಲೆ ತಲೆಗೆ ಎಳ್ಳೆಣ್ಣೆ ನಿಲ್ಲಿಸುತ್ತೇವೆ. ಎಳ್ಳು ತಿಂದರೆ ಅಲರ್ಜಿ ಆಗುವವರು ಹಚ್ಚಲೂ ಬಾರದು.

ಎರಡು ಗೊಂದಲ ತಪ್ಪಿಸಿಕೊಳ್ಳಿ. ಹುಚ್ಚೆಳ್ಳು ಎಳ್ಳಲ್ಲ. ಉತ್ತರ ಕರ್ನಾಟಕದಲ್ಲಿ ಗುರೆಳ್ಳು ಅನ್ನುವುದು ಇದನ್ನೇ. ಅದು ಬೇರೆ ಗಿಡ, ಬೇರೆ ಎಣ್ಣೆ. ಇನ್ನೊಂದು, ಹೊರದೇಶದಲ್ಲಿರುವವರಿಗೆ. ಅಲ್ಲಿನ ಚೀನಾ, ಕೊರಿಯಾ ಅಂಗಡಿಗಳಲ್ಲಿ ಸಿಗುವ ಕಡು ಕಂದು ಬಣ್ಣದ ಎಳ್ಳೆಣ್ಣೆ ಹುರಿದ ಎಳ್ಳಿನದು. ಅದು ಅಡುಗೆಯ ಘಮಕ್ಕೆ ಇರುವಂಥದ್ದು. ಮೈಗೆ ಬೇಕಾದದ್ದು ಹುರಿಯದ ಎಳ್ಳಿನ ತಿಳಿ ಹಳದಿ ಎಣ್ಣೆ. ನನ್ನ ತಂಗಿ ಹೊರದೇಶದಲ್ಲಿ ಮೊದಲ ವರ್ಷ ಆ ಕಂದು ಎಣ್ಣೆ ಹಚ್ಚಿಕೊಂಡು, ಮೂರು ಸಲ ಸ್ನಾನ ಮಾಡಿದರೂ ವಾಸನೆ ಹೋಗಲಿಲ್ಲ ಅಂತ ಫೋನ್ ಮಾಡಿದ್ದಳು.

ಹರಳೆಣ್ಣೆ: ಒಂಟಿಯಾಗಿ ಬೇಡ, ಜೊತೆಗಿರಲಿ

ಹಳೇ ಮೈಸೂರು ಕಡೆಯ ಹಿರಿಯರಿಗೆ ತಲೆಗೆ ಹರಳೆಣ್ಣೆಯೇ ಆಗಬೇಕು. ತಂಪು ಅನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಔಡಲ ಎಣ್ಣೆ ಅಂದರೂ ಇದೇ. ಊರಲ್ಲಿ ನಮ್ಮ ಅಜ್ಜಿ ಮನೆಯಲ್ಲೇ ತೆಗೆಯುತ್ತಿದ್ದರು. ಹರಳನ್ನು ಹುರಿದು, ಒರಳಲ್ಲಿ ಕುಟ್ಟಿ, ದೊಡ್ಡ ಪಾತ್ರೆಯಲ್ಲಿ ನೀರು ಹಾಕಿ ಕುದಿಸುತ್ತಿದ್ದರು. ಎಣ್ಣೆ ಮೇಲೆ ತೇಲುತ್ತಿತ್ತು. ಅದನ್ನು ಸೌಟಿನಿಂದ ಮೆಲ್ಲಗೆ ತೆಗೆದು, ನೀರಿನ ಪಸೆ ಹೋಗುವವರೆಗೆ ಮತ್ತೆ ಕಾಯಿಸುತ್ತಿದ್ದರು. ಆ ಎಣ್ಣೆ ಕಂದು, ವಾಸನೆ ಗಾಢ. ಅಂಗಡಿಯಲ್ಲಿ ಸಿಗುವ ತಿಳಿ ಬಣ್ಣದ್ದು ಗಾಣ ಅಥವಾ ಯಂತ್ರದ್ದು. ಎರಡೂ ಸರಿಯೇ. ಹರಳು ಬೀಜದ ವಿಷ ಹಿಂಡಿಯಲ್ಲಿ ಉಳಿಯುತ್ತದೆ, ಎಣ್ಣೆಗೆ ಬರುವುದಿಲ್ಲ. ಬೀಜ ಮಾತ್ರ ಮಕ್ಕಳ ಕೈಗೆ ಸಿಗಬಾರದು.

ಇದರಲ್ಲಿ ನೂರಕ್ಕೆ 85ರಿಂದ 90 ಭಾಗ ರಿಸಿನೊಲೀಕ್ ಆಸಿಡ್. ಈ ಎಣ್ಣೆ ಜೇನಿನಂತೆ ದಪ್ಪ ಇರುವುದು ಅದರಿಂದ. ದಪ್ಪವೇ ಇದರ ಗುಣ, ದಪ್ಪವೇ ದೋಷ. ಒಮ್ಮೆ ನಾನು ಸೊಂಟದವರೆಗಿನ ಕೂದಲಿಗೆ ಬರೀ ಹರಳೆಣ್ಣೆ ಹಾಕಿ ಗಂಟು ಕಟ್ಟಿ ಮಲಗಿದೆ. ಬೆಳಗ್ಗೆ ತೊಳೆಯಲು ಹೋದರೆ ಕೂದಲೆಲ್ಲ ಸೇರಿ ನಾರಿನ ಸಿಂಬಿಯಂತಾಗಿತ್ತು. ಅಮ್ಮ ಕೊಬ್ಬರಿ ಎಣ್ಣೆ ಸುರಿದು, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಬಿಡಿಸುತ್ತಾ ಬಂದರು. ಒಂದು ಗಂಟೆ ಹಿಡಿಯಿತು. ಆಮೇಲಿಂದ ಒಂದು ಪಾಲು ಹರಳೆಣ್ಣೆಗೆ ಮೂರು ಪಾಲು ಕೊಬ್ಬರಿ ಎಣ್ಣೆ. ಅಷ್ಟು ಬೆರೆಸಿದರೆ ನೆತ್ತಿಗೆ ಚೆನ್ನಾಗಿ ಕೂರುತ್ತದೆ, ತೊಳೆಯಲೂ ಬರುತ್ತದೆ.

ಒಂಟಿಯಾಗಿ ಬಳಸುವ ಜಾಗ ಅಂದರೆ ಹಿಮ್ಮಡಿ. ಒಡೆದ ಹಿಮ್ಮಡಿಗೆ ರಾತ್ರಿ ಕಾಲು ತೊಳೆದು, ಒರೆಸಿ, ಇನ್ನೂ ತೇವ ಇರುವಾಗಲೇ ಹಚ್ಚಿ ಸಾಕ್ಸ್ ಹಾಕಿಕೊಂಡು ಮಲಗಿ. ಕುಡಿಯುವ ಹಳೇ ಪದ್ಧತಿಯನ್ನು ಮಾತ್ರ ಸುಮ್ನೆ ಅನುಸರಿಸಬೇಡಿ. ಗರ್ಭಿಣಿಯರಂತೂ ಡಾಕ್ಟರನ್ನು ಕೇಳದೆ ಬಾಯಿಗೆ ಹಾಕಲೇಬಾರದು.

ಬೇವು, ಹೊಂಗೆ, ಸೂರ್ಯಕಾಂತಿ, ಗಂಧ

ಬೇವಿನ ಎಣ್ಣೆ, ಹೊಂಗೆ ಎಣ್ಣೆ ಎರಡೂ ಔಷಧಿಯ ಸಾಲಿಗೆ ಸೇರಿದವು, ಸ್ನಾನದ ಸಾಲಿಗಲ್ಲ. ವಾಸನೆ ಜೋರು, ಸೂಕ್ಷ್ಮ ಚರ್ಮಕ್ಕೆ ಉರಿ. ತುರಿಕೆ ಇರುವ ಜಾಗಕ್ಕೆ ಹಚ್ಚುವುದಾದರೆ ಹತ್ತು ಚಮಚ ಕೊಬ್ಬರಿ ಎಣ್ಣೆಗೆ ಒಂದು ಚಮಚ ಬೇವಿನ ಎಣ್ಣೆ ಸಾಕು. ಎಳೆ ಮಕ್ಕಳ ಬಾಯಿಗೆ ಬೇವಿನ ಎಣ್ಣೆ ಹೋದರೆ ಪ್ರಾಣಕ್ಕೇ ಅಪಾಯ. ಬಾಟಲಿ ಎತ್ತರದಲ್ಲಿರಲಿ.

ಅಡುಗೆಮನೆಯ ಸೂರ್ಯಕಾಂತಿ ಎಣ್ಣೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನನಗೆ ಅದು ಬೇಸರ. ಒಣ, ಸೂಕ್ಷ್ಮ ಚರ್ಮಕ್ಕೆ ಬೇಕಾದ ಲಿನೋಲೀಕ್ ಆಸಿಡ್ ಇದರಲ್ಲಿ, ನಮ್ಮ ಕಡೆಯ ಕುಸುಬೆ ಎಣ್ಣೆಯಲ್ಲಿ ಜಾಸ್ತಿ. ಬಾಂಗ್ಲಾದೇಶದ ಆಸ್ಪತ್ರೆಯೊಂದರಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳ ಮೈಗೆ ಸೂರ್ಯಕಾಂತಿ ಎಣ್ಣೆ ಹಚ್ಚಿದಾಗ ಸೋಂಕು ಕಡಿಮೆಯಾಯಿತು ಅಂತ 2005ರಲ್ಲಿ ವರದಿಯಾಗಿದೆ. ದುಬಾರಿ ಆಲಿವ್ ಎಣ್ಣೆ ತಂದು ಮಗುವಿಗೆ ತಿಕ್ಕುವವರಿದ್ದಾರೆ. 2013ರ ಒಂದು ಸಣ್ಣ ಅಧ್ಯಯನದಲ್ಲಿ ದೊಡ್ಡವರ ಮುಂಗೈಗೆ ಎರಡನ್ನೂ ಹಚ್ಚಿ ನೋಡಿದಾಗ, ಆಲಿವ್ ಎಣ್ಣೆ ಚರ್ಮದ ಮೇಲ್ಪದರವನ್ನು ಸಡಿಲ ಮಾಡಿತು, ಸೂರ್ಯಕಾಂತಿ ಎಣ್ಣೆ ಮಾಡಲಿಲ್ಲ.

ಗಂಧದೆಣ್ಣೆಯನ್ನು ಇವುಗಳ ಜೊತೆ ಹೋಲಿಸುವುದೇ ತಪ್ಪು. ಅದು ಹಿಂಡಿ ತೆಗೆದ ಎಣ್ಣೆಯಲ್ಲ, ಮರದ ಚೇಗನ್ನು ಹಬೆಯಲ್ಲಿ ಬಟ್ಟಿ ಇಳಿಸಿದ ಸಾರ. ಮೈಸೂರಿನ ಗಂಧದೆಣ್ಣೆ ಕಾರ್ಖಾನೆ 1916ರಲ್ಲಿ ಶುರುವಾದದ್ದು ಈ ಕೆಲಸಕ್ಕೇ. ಸುವಾಸನೆಗೆ ಒಂದೆರಡು ಹನಿ ಬೇರೆ ಎಣ್ಣೆಗೆ ಬೆರೆಸಬಹುದು, ನೇರ ಹಚ್ಚಬಾರದು. ಕಡಿಮೆ ಬೆಲೆಗೆ ದೊಡ್ಡ ಬಾಟಲಿಯಲ್ಲಿ ಗಂಧದೆಣ್ಣೆ ಸಿಕ್ಕಿದರೆ ಅದು ಗಂಧದ್ದಲ್ಲ. ಮುಖಕ್ಕೆ ಗಂಧ ಬೇಕಿದ್ದರೆ ಸಾಣೆಕಲ್ಲು ಇದೆಯಲ್ಲ, ಕೊರಡು ತೇಯ್ದುಕೊಳ್ಳಿ.

ಕಾಯಿಸಿದ ಎಣ್ಣೆ: ಮನೆಯದೋ, ಅಂಗಡಿಯದೋ

ಸೊಪ್ಪು ಹಾಕಿ ಕಾಯಿಸಿದ ಎಣ್ಣೆಗೆ ಈಗ ದೊಡ್ಡ ಮಾರುಕಟ್ಟೆ ಇದೆ. ಸಮಯ ಇದ್ದರೆ ಮನೆಯಲ್ಲೇ ಮಾಡಿ ಅಂತಲೇ ನಾನು ಹೇಳುತ್ತೇನೆ. ಕಷ್ಟವಲ್ಲ, ಹದ ಗೊತ್ತಿರಬೇಕು.

ಅಮ್ಮ ಮಾಡುವುದನ್ನು ನೋಡಿ ಕಲಿತದ್ದು. ಗರುಗದ ಸೊಪ್ಪು, ದಾಸವಾಳದ ಎಲೆ, ಕರಿಬೇವು, ನೆನೆಸಿದ ಮೆಂತ್ಯ ಇಷ್ಟನ್ನು ನುಣ್ಣಗೆ ಅರೆಯುತ್ತಾರೆ. ಕಬ್ಬಿಣದ ಬಾಣಲೆಯಲ್ಲಿ ಕೊಬ್ಬರಿ ಎಣ್ಣೆ ಬೆಚ್ಚಗಾದ ಮೇಲೆ ಅರೆದದ್ದನ್ನು ಬಿಡುತ್ತಾರೆ. ಮೊದಲು ಹಸಿರು ಕೆಸರಿನಂತೆ ಕೊತಕೊತ ಕುದಿಯುತ್ತದೆ. ಉರಿ ಸಣ್ಣದು. ತಳ ಹಿಡಿಯದಂತೆ ಮರದ ಸೌಟು ಆಡಿಸುತ್ತಲೇ ಇರಬೇಕು. ಅರ್ಧ ಮುಕ್ಕಾಲು ಗಂಟೆಗೆ ಸದ್ದು ಬದಲಾಗುತ್ತದೆ. ಕೊತಕೊತ ಹೋಗಿ ಚಿಟಿಚಿಟಿ, ಆಮೇಲೆ ಅದೂ ಕಡಿಮೆ. ಆಗ ಅಮ್ಮ ತಳದ ಗಸಿಯನ್ನು ಒಂದಿಷ್ಟು ತೆಗೆದು, ಆರಿಸಿ, ಎರಡು ಬೆರಳ ನಡುವೆ ಹೊಸೆಯುತ್ತಾರೆ. ಬತ್ತಿಯಂತೆ ಸುರುಳಿ ಆದರೆ ಹದ ಬಂತು. ಬೆರಳಿಗೆ ಅಂಟಿದರೆ ಇನ್ನೂ ನೀರಿದೆ. ಪುಡಿಪುಡಿ ಆದರೆ ಸೀದಿತು. ಕೊನೆಗೆ ಹತ್ತಿಯ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಹಚ್ಚಿ ನೋಡುತ್ತಾರೆ. ಚಟಪಟ ಅನ್ನದೆ ಉರಿದರೆ ಒಲೆ ಆರಿಸುತ್ತಾರೆ.

ನೀರು ಉಳಿದರೆ ತಿಂಗಳೊಳಗೆ ಬೂಸ್ಟು ಬಂದು ಎಣ್ಣೆ ಕೆಡುತ್ತದೆ. ಹಸಿ ಸೊಪ್ಪನ್ನು ಸುಮ್ಮನೆ ಎಣ್ಣೆಯಲ್ಲಿ ಮುಳುಗಿಸಿ ಬಿಸಿಲಲ್ಲಿ ಇಡುವುದು ನನಗೆ ಹಿಡಿಸದೆ ಇರುವುದು ಅದಕ್ಕೇ. ಆಯುರ್ವೇದದ ಲೆಕ್ಕ ಅಮ್ಮನಿಗಿಂತ ಬಿಗಿ: ಅರೆದ ಕಲ್ಕ ಒಂದು ಪಾಲು, ಎಣ್ಣೆ ನಾಲ್ಕು ಪಾಲು, ರಸ ಅಥವಾ ಕಷಾಯ ಹದಿನಾರು ಪಾಲು. ಇಷ್ಟನ್ನೂ ಬತ್ತಿಸಿ ಎಣ್ಣೆಯಷ್ಟೇ ಉಳಿಯಬೇಕು. ಅದು ಒಂದು ದಿನದಲ್ಲಿ ಮುಗಿಯುವ ಕೆಲಸವೇ ಅಲ್ಲ. ಅಂಥ ತೈಲ ಬೇಕಿದ್ದರೆ ಪಂಡಿತರ ಬಳಿ, ಒಳ್ಳೆ ಔಷಧಾಲಯದಲ್ಲಿ ಕೊಳ್ಳುವುದೇ ಸರಿ.

ಅಂಗಡಿಯ "ಹರ್ಬಲ್" ಬಾಟಲಿ ಕೊಳ್ಳುವ ಮುನ್ನ ಹಿಂಬದಿ ತಿರುಗಿಸಿ ಓದಿ. ಮೊದಲ ಹೆಸರು ಲಿಕ್ವಿಡ್ ಪ್ಯಾರಾಫಿನ್ ಅಥವಾ ಮಿನರಲ್ ಆಯಿಲ್ ಅಂತಿದ್ದರೆ, ಮುಂದೆ ಬಿಡಿಸಿದ ದಾಸವಾಳಕ್ಕೆ ನೀವು ದುಡ್ಡು ಕೊಡುತ್ತಿದ್ದೀರಿ ಅಷ್ಟೇ. ಮಿನರಲ್ ಆಯಿಲ್ ವಿಷವೇನಲ್ಲ. ಚರ್ಮದ ಪಸೆ ಆರದಂತೆ ತಡೆಯುತ್ತದೆ. ಆದರೆ ಅದಕ್ಕೆ ಸೊಪ್ಪಿನ ಎಣ್ಣೆಯ ಬೆಲೆ ಯಾಕೆ ಕೊಡಬೇಕು?

ಗಾಣದ ಎಣ್ಣೆ ಕೊಳ್ಳುವಾಗ ಒಂದು ಲೆಕ್ಕ

ಈ ಲೆಕ್ಕ ಹೇಳಿಕೊಟ್ಟದ್ದು ನಮ್ಮೂರ ಗಾಣದವರು. ಎಳ್ಳಿನಲ್ಲಿ ಎಣ್ಣೆ ಇರುವುದು ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಮರದ ಗಾಣದಲ್ಲಿ ಅದೂ ಪೂರ್ತಿ ಇಳಿಯುವುದಿಲ್ಲ. ಒಂದು ಲೀಟರಿಗೆ ಸುಮಾರು ಎರಡೂವರೆ ಕಿಲೋ ಎಳ್ಳು ಬೇಕು. ಕೊಬ್ಬರಿಯಾದರೆ ಒಂದೂವರೆ ಕಿಲೋ ಮೇಲೆ. ನಿಮ್ಮೂರಲ್ಲಿ ಎರಡೂವರೆ ಕಿಲೋ ಎಳ್ಳಿನ ಬೆಲೆ ಎಷ್ಟು ಅಂತ ಕೇಳಿ. ಎಣ್ಣೆಯ ಬೆಲೆ ಅದಕ್ಕಿಂತ ತುಂಬಾ ಕೆಳಗಿದ್ದರೆ ಅದು ಬರೀ ಎಳ್ಳಿನದಲ್ಲ. ಗಾಣದವರಿಗೆ ಹಿಂಡಿಯಿಂದ ಒಂದಿಷ್ಟು ದುಡ್ಡು ಬರುತ್ತದೆ ನಿಜ. ಆದರೂ ಅರ್ಧ ಬೆಲೆಗೆ ಕೊಡಲು ಯಾರಿಗೂ ಆಗುವುದಿಲ್ಲ. 2025ರಲ್ಲಿ ಕೊಬ್ಬರಿ ಬೆಲೆ ಏರಿದಾಗ ಈ ಲೆಕ್ಕ ನನಗೆ ತುಂಬಾ ಉಪಯೋಗಕ್ಕೆ ಬಂತು.

ದೀಪದ ಎಣ್ಣೆ ಅಂತ ಮಾರುವುದನ್ನು ಮೈಗೆ ಹಚ್ಚಬೇಡಿ. ಬಾಟಲಿ ಮೇಲೆ ಎಳ್ಳಿನ ಚಿತ್ರ ಇದ್ದರೂ ಒಳಗಿರುವುದು ಬೆರಕೆ ಎಣ್ಣೆ. ಸೇವನೆಗಲ್ಲ ಅಂತ ಸಣ್ಣ ಅಕ್ಷರದಲ್ಲಿ ಅವರೇ ಬರೆದಿರುತ್ತಾರೆ. ಎಫ್‌ಎಸ್‌ಎಸ್‌ಎಐ ಗುರುತು ಇರುವ, ತಿನ್ನಲು ಬರುವ ಎಣ್ಣೆಯನ್ನೇ ಸ್ನಾನಕ್ಕೂ ತನ್ನಿ. ಸಣ್ಣ ಬಾಟಲಿಯ ಶುದ್ಧ ಕೊಬ್ಬರಿ ಎಣ್ಣೆಯೂ, ತಲೆ ಎಣ್ಣೆ ಅಂತಲೇ ಹೆಸರು ಹಾಕಿ ಮಾರದಿದ್ದರೆ, ತೆರಿಗೆ ಲೆಕ್ಕದಲ್ಲಿ ಅಡುಗೆ ಎಣ್ಣೆಯೇ ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಎರಡಕ್ಕೆ ಎರಡು ಬಾಟಲಿ ಬೇಕಿಲ್ಲ.

ತೊಳೆಯುವುದು: ಸೀಗೆಪುಡಿಯೋ, ಕಡಲೆಹಿಟ್ಟೋ, ಶಾಂಪೂನೋ

ಎಣ್ಣೆ ಆರಿಸುವ ಮೊದಲು ಇದನ್ನು ಯೋಚಿಸಿ. ಎಣ್ಣೆ ಸ್ನಾನ ಬಿಟ್ಟವರೆಲ್ಲ ಬಿಟ್ಟದ್ದು ಹಚ್ಚುವ ಕಷ್ಟಕ್ಕಲ್ಲ, ತೊಳೆಯುವ ಕಷ್ಟಕ್ಕೆ.

ತಲೆಗೆ ಸೀಗೆಪುಡಿ, ಜೊತೆಗೆ ಸ್ವಲ್ಪ ಅಂಟುವಾಳ. ಎರಡರಲ್ಲೂ ನೊರೆ ಕೊಡುವ ಸಪೋನಿನ್ ಇದೆ. ಸೀಗೆ ಎಣ್ಣೆಯನ್ನು ಪೂರ್ತಿ ಎಳೆದು ಹಾಕುವುದಿಲ್ಲ, ಒಂದು ತೆಳು ಪಸೆ ಬಿಡುತ್ತದೆ. ಕೂದಲು ಮೆತ್ತಗಿರುತ್ತದೆ. ಕಣ್ಣಿಗೆ ಬಿದ್ದರೆ ಮಾತ್ರ ಉರಿ ತಡೆಯಲಾಗುವುದಿಲ್ಲ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗೆ ಅನ್ನುವ ಗಾದೆ ಬೇರೆ ಅರ್ಥದ್ದು. ಸೀಗೆಪುಡಿ ಬಂದಾಗ ಮಕ್ಕಳು ನಿಜವಾಗಿಯೂ ಕಣ್ಣು ಮುಚ್ಚಿಕೊಳ್ಳಬೇಕು. ದಾಸವಾಳದ ಎಲೆ ಕಿವುಚಿದ ಲೋಳೆ ಕಣ್ಣಿಗೆ ಹಿತ, ಆದರೆ ಎಣ್ಣೆ ಜಾಸ್ತಿ ಇದ್ದರೆ ತೆಗೆಯುವುದಿಲ್ಲ. ಮಲೆನಾಡಿನವರು ಮತ್ತಿ ಸೊಪ್ಪು ಹಾಕುತ್ತಾರೆ. ಬೆಳಗ್ಗೆ ಎಂಟಕ್ಕೆ ಬಸ್ ಹಿಡಿಯುವವರು ಧಾರಾಳವಾಗಿ ಶಾಂಪೂ ಹಾಕಿ. ಎಣ್ಣೆಯ ಮೇಲೆ ನೀರು ಹಾಕುವ ಮೊದಲೇ ಶಾಂಪೂ ತಿಕ್ಕಿದರೆ ಒಂದೇ ಸಲಕ್ಕೆ ಹೋಗುತ್ತದೆ.

ಮೈಗೆ ಕಡಲೆಹಿಟ್ಟು ಅಥವಾ ಹೆಸರುಹಿಟ್ಟು. ಎಳ್ಳೆಣ್ಣೆಗೆ ಕಡಲೆಹಿಟ್ಟು, ಸೂಕ್ಷ್ಮ ಚರ್ಮಕ್ಕೆ, ಮಕ್ಕಳಿಗೆ ಹೆಸರುಹಿಟ್ಟು. ಒಣ ಹಿಟ್ಟನ್ನೇ ಎಣ್ಣೆ ಮೈಗೆ ತಿಕ್ಕಿ, ಉದುರಿಸಿ, ಆಮೇಲೆ ನೀರು. ಫ್ಲ್ಯಾಟಿನಲ್ಲಿ ಇರುವವರು ಬಚ್ಚಲ ಜಾಲರಿ ಮೇಲೆ ಒಂದು ಬಟ್ಟೆ ಹಾಸಿಕೊಳ್ಳಿ. ಹಿಟ್ಟು, ಎಣ್ಣೆ ಸೇರಿ ಪೈಪು ಕಟ್ಟಿಕೊಳ್ಳುತ್ತದೆ.

ಎಣ್ಣೆಯೇ ಬೇಡದ ಸಂದರ್ಭ

ತಲೆಹೊಟ್ಟು ಇದ್ದರೆ ಎಣ್ಣೆ ಹಾಕು ಅನ್ನುವ ಮಾತನ್ನು ನಾನೂ ನಂಬಿದ್ದೆ. ಹೊಟ್ಟಿಗೆ ಕಾರಣ ಮಲಸೀಜಿಯ ಅನ್ನುವ ಶಿಲೀಂಧ್ರ. ಎಣ್ಣೆಯ ಕೊಬ್ಬೇ ಅದರ ಆಹಾರ. ಎಣ್ಣೆ ಹಾಕಿದಾಗ ಹೊಟ್ಟು ಅಂಟಿ ಕೂರುತ್ತದೆ, ಕಾಣುವುದಿಲ್ಲ, ಹೋದ ಹಾಗೆ ಅನಿಸುತ್ತದೆ. ಅಂಥವರು ಮೊದಲು ಚಿಕಿತ್ಸೆ ಮಾಡಿಸಿ. ಎಣ್ಣೆ ಹಾಕಲೇಬೇಕು ಅನಿಸಿದರೆ ಕೂದಲಿನ ತುದಿಗೆ ಮಾತ್ರ, ಅರ್ಧ ಗಂಟೆ, ಆಮೇಲೆ ತೊಳೆದುಬಿಡಿ.

ಗಾಯ, ಕೀವು, ಜ್ವರ ಇದ್ದಾಗ ಬೇಡ. ಹೊಸ ಎಣ್ಣೆಯನ್ನು ಮೊದಲು ಮುಂಗೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ. ಮಗುವಿಗೆ ಎಣ್ಣೆ ತಟ್ಟುವಾಗ ಕಿವಿಗೆ, ಮೂಗಿಗೆ ಬಿಡುವ ರೂಢಿ ಇನ್ನೂ ಇದೆ. ದಯವಿಟ್ಟು ಬಿಡಬೇಡಿ. ಮೂಗಿನ ಎಣ್ಣೆ ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಹಿರಿಯರು ಕೇಳದಿದ್ದರೆ ಡಾಕ್ಟರ ಬಾಯಲ್ಲಿ ಹೇಳಿಸಿ.

ಇನ್ನು ಬಚ್ಚಲು. ಎಣ್ಣೆ ಕಾಲಿನಲ್ಲಿ ಟೈಲ್ಸ್ ಮೇಲೆ ನಡೆಯುವುದು ವಯಸ್ಸಾದವರಿಗೆ ನಿಜಕ್ಕೂ ಅಪಾಯ. ಅಮ್ಮ ಈಗಲೂ ಒಲೆಯ ಹತ್ತಿರದಿಂದ ಬಚ್ಚಲಿನವರೆಗೆ ಹಳೇ ಗೋಣಿಚೀಲ ಹಾಸುತ್ತಾರೆ, ಅಂಗಾಲಿಗೆ ಎಣ್ಣೆಯನ್ನು ಮಣೆ ಮೇಲೆ ಕೂತ ಮೇಲೆಯೇ ಹಚ್ಚುತ್ತಾರೆ.